ಮನೆ ಕಂಪ್ಯೂಟರ್‌ಗೆ ಯಾವ ಆಂಟಿವೈರಸ್? ದುಡ್ಡು ಕೊಟ್ಟು ಹಾಕಿಸಬೇಕಾ, ವಿಂಡೋಸ್‌ನಲ್ಲಿ ಇರೋದೇ ಸಾಕಾ?

ನಿಟ್ಟುವಳ್ಳಿ_ಓದುಗ

ಊರು ದಾವಣಗೆರೆ. ಮನೆಯಲ್ಲಿರೋದು ಡೆಸ್ಕ್‌ಟಾಪ್: ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬಳಕೆ ಇಷ್ಟೇ: ಮಗಳ ಕಾಲೇಜು ಪ್ರಾಜೆಕ್ಟ್, ನುಡಿಯಲ್ಲಿ ಟೈಪಿಂಗ್, ನೆಟ್ ಬ್ಯಾಂಕಿಂಗ್, ಫೋಟೊ ಇಡೋದು. ಪ್ರಿಂಟಿಗೆ ಅಂತ ಪೆನ್ ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗಿ ಬರ್ತಿರುತ್ತೆ. ಹಾಕಿದ್ದ ಆಂಟಿವೈರಸ್ ಅವಧಿ ಮುಗಿದಿದೆ. ಅಂಗಡಿಯವರು ಮೂರು ವರ್ಷದ ಟೋಟಲ್ ಸೆಕ್ಯುರಿಟಿ ತಗೊಳ್ಳಿ ಅಂತಾರೆ, ಮಗಳ ಸ್ನೇಹಿತರು ಏನೂ ಬೇಡ ಅಂತಾರೆ. ಕ್ವಿಕ್ ಹೀಲ್, ಕೆ7, ಕ್ಯಾಸ್ಪರ್‌ಸ್ಕಿ, ನಾರ್ಟನ್, ಇವುಗಳಲ್ಲಿ ಯಾವುದು ಸರಿ?

ಕೋಟೆ_ಸರ್ವಿಸ್

ಬ್ರ್ಯಾಂಡ್ ಆಮೇಲೆ ನೋಡೋಣ ಸರ್. ಮೊದಲು ಮೂರು ಜಾಗ ನೋಡಿ ಹೇಳ್ರಿ, ಉತ್ತರ ಅದರ ಮೇಲೆ ನಿಂತೈತೆ.

ಒಂದು, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಚೌಕದಲ್ಲಿ ವಿನ್‌ವರ್ (winver) ಅಂತ ಟೈಪ್ ಮಾಡಿ ಎಂಟರ್ ಹೊಡೀರಿ. 22ಎಚ್2 ಅಂತ ತೋರಿಸಬೇಕು. ಅದಕ್ಕಿಂತ ಹಳೇದಿದ್ರೆ ಮೊದಲು ಅಲ್ಲಿಗೆ ಬರ್ರಿ.

ಎರಡು, ಸೆಟ್ಟಿಂಗ್ಸ್, ಅಪ್‌ಡೇಟ್ ಆಂಡ್ ಸೆಕ್ಯುರಿಟಿ, ಆಕ್ಟಿವೇಶನ್. ಅಲ್ಲಿ ಡಿಜಿಟಲ್ ಲೈಸೆನ್ಸ್ ಅಂತಿದ್ರೆ ಸರಿ. ನಿಮ್ಮ ಆರ್ಗನೈಸೇಶನ್‌ನ ಆಕ್ಟಿವೇಶನ್ ಸರ್ವಿಸ್ ಮೂಲಕ ಆಕ್ಟಿವೇಟ್ ಆಗಿದೆ ಅಂತಿದ್ರೆ ತೊಂದರೆ. ಅದು ಕಂಪನಿ, ಕಾಲೇಜುಗಳಿಗೆ ಮಾಡಿದ ಕೆಎಂಎಸ್ ಪದ್ಧತಿ. ಒಮ್ಮೆ ಆಕ್ಟಿವೇಟ್ ಆದ್ರೆ 180 ದಿನ ಮಾತ್ರ ನಿಲ್ಲುತ್ತೆ, ಆಮೇಲೆ ಸಂಸ್ಥೆಯ ಸರ್ವರ್ ಜೊತೆ ಮತ್ತೆ ಮಾತಾಡಬೇಕು. ಮನೇಲಿ ಆ ಸರ್ವರ್ ಎಲ್ಲೈತೆ? ಯಾರೋ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡಿಸೋ ಕಳ್ಳ ಪ್ರೋಗ್ರಾಂ) ಹಾಕಿ ಕೊಟ್ಟಿದಾರೆ, ಅದು ಒಳಗೆ ಕೂತು ಸರ್ವರ್ ಥರ ನಟಿಸ್ತಾ ಐತೆ ಅಂತ ಅರ್ಥ.

ಮೂರನೇದು ಎಲ್ಲಕ್ಕಿಂತ ಮುಖ್ಯ. ವಿಂಡೋಸ್ ಸೆಕ್ಯುರಿಟಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ತೀರಾ ಕೆಳಗೆ ಎಕ್ಸ್‌ಕ್ಲೂಷನ್ಸ್. ಸ್ಕ್ಯಾನ್ ಮಾಡದೆ ಬಿಡೋ ಜಾಗಗಳ ಈ ಪಟ್ಟಿ ಖಾಲಿ ಇರಬೇಕು. ಕ್ರ್ಯಾಕ್ ಹಾಕೋವಾಗ ಡಿಫೆಂಡರ್ (ವಿಂಡೋಸ್‌ನಲ್ಲೇ ಇರೋ ಆಂಟಿವೈರಸ್) ಹಿಡೀಬಾರದು ಅಂತ ಒಂದು ಫೋಲ್ಡರನ್ನ, ಕೆಲವು ಸಲ ಇಡೀ ಸಿ ಡ್ರೈವನ್ನೇ ಇಲ್ಲಿ ಸೇರಿಸಿಬಿಟ್ಟಿರ್ತಾರೆ. ಹಂಗಿದ್ರೆ ನೀವು ಎಷ್ಟು ಸ್ಕ್ಯಾನ್ ಮಾಡಿದ್ರೂ ಹಸಿರು ಟಿಕ್ಕೇ ಬರುತ್ತೆ. ಕಾವಲುಗಾರ ಇದಾನೆ, ಆ ಬಾಗಿಲ ಕಡೆ ನೋಡಬೇಡ ಅಂತ ಅವನಿಗೆ ಹೇಳಿಟ್ಟಾಗೈತೆ.

ದುರ್ಗದ_ಮೇಷ್ಟ್ರು

ಸರ್ವಿಸ್ ಅವರು ಸರಿಯಾದ ಜಾಗದಿಂದ ಶುರು ಮಾಡಿದ್ದಾರೆ. ಆಕ್ಟಿವೇಶನ್ ಸರಿ ಇದ್ದು, ಎಕ್ಸ್‌ಕ್ಲೂಷನ್ಸ್ ಖಾಲಿ ಇದ್ದರೆ ನನ್ನ ಉತ್ತರ ನೇರ: ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಮನೆ ಬಳಕೆಗೆ ಸಾಕು. ಆದರೆ ಅದನ್ನು ಬಂದ ಹಾಗೇ ಬಿಡಬಾರದು, ಕೆಲವು ಸ್ವಿಚ್ ಕೈಯಾರೆ ಹಾಕಬೇಕು.

ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೆಟಿವ್ಸ್, ಈ ಎರಡು ಪ್ರಯೋಗಾಲಯಗಳ ಫಲಿತಾಂಶ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎವಿ-ಟೆಸ್ಟ್‌ನವರು ರಕ್ಷಣೆ, ವೇಗ, ಬಳಕೆಯ ಅನುಕೂಲ ಎಂದು ಮೂರು ಭಾಗಕ್ಕೆ ತಲಾ 6ರಂತೆ ಒಟ್ಟು 18 ಅಂಕ ಇಟ್ಟಿದ್ದಾರೆ. ಡಿಫೆಂಡರ್ ಕೆಲವು ವರ್ಷಗಳಿಂದ ಅಲ್ಲಿ ಪೂರ್ಣ ಅಂಕದ ಆಸುಪಾಸಿನಲ್ಲೇ ಇದೆ. ಹತ್ತು ಹನ್ನೆರಡು ವರ್ಷದ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಡಿಫೆಂಡರ್ ಲೆಕ್ಕಕ್ಕಿಲ್ಲ ಎಂಬ ಮಾತು ಆ ಕಾಲದಿಂದ ಹಾಗೇ ಉಳಿದುಕೊಂಡು ಬಂದಿದೆ.

ಒಂದು ಕೊರತೆಯನ್ನು ಮುಚ್ಚಿಡದೆ ಹೇಳಬೇಕು. ಡಿಫೆಂಡರ್‌ನ ಬಲದ ದೊಡ್ಡ ಪಾಲು ಇರುವುದು ಕ್ಲೌಡ್‌ನಲ್ಲಿ. ಅನುಮಾನದ ಫೈಲ್ ಸಿಕ್ಕಾಗ ಅದು ಮೈಕ್ರೋಸಾಫ್ಟ್ ಸರ್ವರ್ ಅನ್ನು ಕೇಳುತ್ತದೆ. ನೆಟ್ ಇಲ್ಲದಾಗ ಹಿಡಿಯುವ ಪ್ರಮಾಣ ಗಮನಿಸುವಷ್ಟು ಇಳಿಯುತ್ತದೆ. ಆದ್ದರಿಂದ ಮೊಬೈಲ್ ಹಾಟ್‌ಸ್ಪಾಟ್ ಆಫ್ ಇರುವಾಗ ಹೊರಗಿನ ಪೆನ್ ಡ್ರೈವ್ ಚುಚ್ಚಬೇಡಿ. ಮೊದಲು ನೆಟ್, ಆಮೇಲೆ ಪೆನ್ ಡ್ರೈವ್.

ನಿಟ್ಟುವಳ್ಳಿ_ಓದುಗ

ಮೂರೂ ನೋಡಿದೆ. 22ಎಚ್2 ಇದೆ, ಡಿಜಿಟಲ್ ಲೈಸೆನ್ಸ್ ಅಂತ ಇದೆ, ಎಕ್ಸ್‌ಕ್ಲೂಷನ್ಸ್ ಖಾಲಿ. ಆದರೆ ವಿಂಡೋಸ್ 10 ಕಾಲ ಮುಗೀತು ಅಂತ ಕೇಳಿದ್ದೆ. ಅದಕ್ಕೇ ಪೇಯ್ಡ್ ಆಂಟಿವೈರಸ್ ಬೇಕೇ ಬೇಕು ಅನ್ನೋದು ಅಂಗಡಿಯವರ ವಾದ.

ದುರ್ಗದ_ಮೇಷ್ಟ್ರು

ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು, ಅದು ನಿಜ. ನಿಮ್ಮ ನಾಲ್ಕನೇ ತಲೆಮಾರಿನ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ಅದೂ ನಿಜ. ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಆದರೆ ಅದರಿಂದ ಪೇಯ್ಡ್ ಆಂಟಿವೈರಸ್ ಬೇಕು ಅನ್ನುವ ತೀರ್ಮಾನಕ್ಕೆ ಬರುವುದು ತಪ್ಪು.

ಆಂಟಿವೈರಸ್ ಬೇರೆ, ತೇಪೆ ಬೇರೆ. ವಿಂಡೋಸ್‌ನ ಒಳಗೇ ಒಂದು ಬಿರುಕು ಪತ್ತೆಯಾದರೆ ಅದನ್ನು ಮುಚ್ಚುವುದು ಮೈಕ್ರೋಸಾಫ್ಟ್‌ನ ತೇಪೆ ಮಾತ್ರ. ಆಂಟಿವೈರಸ್ ಮಾಡುವುದು ಆ ಬಿರುಕಿನಿಂದ ಒಳಬಂದವನನ್ನು ಗುರುತಿಸುವ ಪ್ರಯತ್ನ, ಅದೂ ಗುರುತು ಸಿಕ್ಕರೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ 2017ರ ವನ್ನಾಕ್ರೈ ವೈರಸ್ ನೆನಪಿಸಿಕೊಳ್ಳಿ. ತೇಪೆ ಮಾರ್ಚ್ 14ಕ್ಕೇ ಬಂದಿತ್ತು, ದಾಳಿ ಆದದ್ದು ಮೇ 12ಕ್ಕೆ. ತೇಪೆ ಹಾಕಿದ್ದ ಯಂತ್ರಗಳಿಗೆ ಆ ಬಿರುಕಿನ ದಾರಿಯಿಂದ ಅದು ಹರಡಲು ಆಗಲಿಲ್ಲ.

ನೀವು ಮಾಡಬೇಕಾದ್ದು ಇಎಸ್‌ಯು, ಅಂದರೆ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸುವುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಕೊಂಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. ಬ್ಯಾಕಪ್ ಬೇಡವೆಂದರೆ 1000 ಮೈಕ್ರೋಸಾಫ್ಟ್ ರಿವಾರ್ಡ್ ಪಾಯಿಂಟ್, ಅಥವಾ 30 ಡಾಲರ್ ಮಟ್ಟದ ಒಂದು ಸಲದ ಹಣ. ಇದು 2026ರ ಅಕ್ಟೋಬರ್ 13ರವರೆಗೆ. ಒಂದೇ ಖಾತೆಯಲ್ಲಿ 10 ಕಂಪ್ಯೂಟರ್‌ವರೆಗೆ ಸೇರಿಸಬಹುದು. ಡಿಫೆಂಡರ್‌ನ ವೈರಸ್ ಪಟ್ಟಿಯ ಅಪ್‌ಡೇಟ್ ಮಾತ್ರ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ಓದಿ 2028ರವರೆಗೆ ನಿಶ್ಚಿಂತೆ ಎಂದುಕೊಳ್ಳಬೇಡಿ. ತೇಪೆ ನಿಂತ ಮೇಲೆ ಆ ಯಂತ್ರದಲ್ಲಿ ಬ್ಯಾಂಕಿಂಗ್ ಮಾಡುವುದನ್ನು ಬಿಡಬೇಕು.

ಹರಿಹರ_ಮಿಂಟ್

ಆ ದಿನ ಬಂದಾಗ ಯಂತ್ರವನ್ನ ಗುಜರಿಗೆ ಹಾಕೋದು ಬೇಡ. ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ‍್ಯಾಮ್‌ನಲ್ಲಿ ಚೆನ್ನಾಗಿ ಓಡುತ್ತೆ. ಬ್ರೌಸರ್, ಬ್ಯಾಂಕಿಂಗ್, ಲಿಬ್ರೆ ಆಫೀಸ್, ಯುನಿಕೋಡ್ ಕನ್ನಡ ಎಲ್ಲಾ ನಡೆಯುತ್ತೆ. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳನ್ನ ಮಾತ್ರ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿ ಇಟ್ಕೊಳ್ಳಿ.

ಶಾಮನೂರು_ರೋಡ್

ಎಲ್ಲರೂ ಡಿಫೆಂಡರ್ ಸಾಕು ಅಂತೀರಿ. ಆದರೆ ಆ ಹಾರ್ಡ್‌ವೇರ್ ನೋಡ್ರಿ: 4 ಜಿಬಿ ರ‍್ಯಾಮ್, ತಿರುಗೋ ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ (ಡಿಫೆಂಡರ್‌ನದೇ ಹೆಸರು) ಮೇಲೆ ಕೂತಿರುತ್ತೆ, ಡಿಸ್ಕ್ 100 ಶೇಕಡಾ. ಇದಕ್ಕಿಂತ ಕೆ7, ಇಸೆಟ್ ಥರದ್ದು ಹಗುರ ಅಲ್ವಾ?

ಕೋಟೆ_ಸರ್ವಿಸ್

ಹಗುರ ಇರಬಹುದು ಅಣ್ಣ, ಆದರೆ ಕಾಯಿಲೆ ಎಲ್ಲೈತೆ ನೋಡ್ರಿ. ತಿರುಗೋ ಡಿಸ್ಕಿನ ಮುಳ್ಳು ಒಂದು ಸಲಕ್ಕೆ ಒಂದೇ ಕಡೆ ಇರೋಕೆ ಸಾಧ್ಯ. ಸ್ಕ್ಯಾನರ್ ಸಾವಿರಾರು ಸಣ್ಣ ಫೈಲ್ ಕೇಳ್ತದೆ, ಅದೇ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಬರೀತಾ ಇರುತ್ತೆ, ಬ್ರೌಸರ್‌ಗೆ ರ‍್ಯಾಮ್ ಸಾಲದೆ ಅದೂ ಡಿಸ್ಕಿಗೇ ಬರೀತದೆ. ಮುಳ್ಳು ಅತ್ತಿಂದಿತ್ತ ಓಡಾಡಿ ಎಲ್ಲ ಸೇರಿ ನಿಂತುಹೋಗ್ತದೆ. ಯಾವ ಆಂಟಿವೈರಸ್ ಹಾಕಿದ್ರೂ ಈ ಗತಿ ಪೂರ್ತಿ ತಪ್ಪಲ್ಲ.

ಮೂರು ವರ್ಷದ ಪ್ಯಾಕಿಗೆ ಕೊಡೋ ದುಡ್ಡನ್ನ ಮೊದಲು ಒಂದು 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಕಡೆ ತಿರುಗಿಸ್ರಿ. ಎರಡೂವರೆ ಇಂಚಿನದು, ಜೊತೆಗೆ ಒಂದು ಸಾಟಾ ಡೇಟಾ ಕೇಬಲ್ ಬೇಕು. ಒಳಗೆ ಕರೆಂಟ್ ಕೊಡೋ ಡಬ್ಬ ಎಸ್‌ಎಂಪಿಎಸ್‌ನಲ್ಲಿ ಖಾಲಿ ಸಾಟಾ ಪವರ್ ಪಿನ್ ಇದೆಯಾ ಅಂತ ಮುಚ್ಚಳ ತೆಗೆದು ಮೊದಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸೋ ಕನೆಕ್ಟರ್ ತಗೊಳ್ಳಿ. ವಿಂಡೋಸ್ ಹೊಸದಾಗಿ ಎಸ್‌ಎಸ್‌ಡಿಗೆ ಹಾಕ್ರಿ, ಹಳೇ 500 ಜಿಬಿ ಡಿಸ್ಕ್ ಫೋಟೊ ಇಡೋಕೆ ಇರಲಿ. ಅದೇ ಮದರ್‌ಬೋರ್ಡಿಗೆ ಅದೇ ಆವೃತ್ತಿ ಹಾಕಿದ್ರೆ ಡಿಜಿಟಲ್ ಲೈಸೆನ್ಸ್ ತಾನಾಗೇ ಬರುತ್ತೆ, ಕೀ ಕೇಳಿದ್ರೆ ಕೀ ಇಲ್ಲ ಅಂತ ಮುಂದೆ ಹೋಗ್ರಿ.

ರ‍್ಯಾಮ್ ಹಾಕಿಸೋದಾದ್ರೆ ನಾಲ್ಕನೇ ತಲೆಮಾರಿಗೆ ಡಿಡಿಆರ್3 ಬೇಕು. ಡಿಡಿಆರ್4 ಕೊಟ್ರೆ ಕಚ್ಚು ಬೇರೆ ಕಡೆ ಇರುತ್ತೆ, ಕೂರಲ್ಲ. ಒತ್ತಬೇಡಿ, ಸ್ಲಾಟ್ ಮುರೀತದೆ.

ದುರ್ಗದ_ಮೇಷ್ಟ್ರು

ಡಿಫೆಂಡರ್‌ನಲ್ಲಿ ಹಾಕಬೇಕಾದ ಸ್ವಿಚ್‌ಗಳನ್ನು ಈಗ ಬರೆಯುತ್ತೇನೆ.

ಮ್ಯಾನೇಜ್ ಸೆಟ್ಟಿಂಗ್ಸ್ ಒಳಗೆ ರಿಯಲ್ ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್. ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದ್ದರೆ ಬೇರೆ ಪ್ರೋಗ್ರಾಂಗಳು ಹಿಂಬಾಗಿಲಿನಿಂದ ಡಿಫೆಂಡರ್ ಆರಿಸಲಾಗದು. ನಂತರ ಆಪ್ ಆಂಡ್ ಬ್ರೌಸರ್ ಕಂಟ್ರೋಲ್, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್, ಅಲ್ಲಿ ಪೊಟೆನ್ಶಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್‌ನ ಎರಡೂ ಟಿಕ್ ಹಾಕಿ. ಉಚಿತ ಪಿಡಿಎಫ್ ಕನ್ವರ್ಟರ್, ವಿಡಿಯೊ ಡೌನ್‌ಲೋಡರ್ ಜೊತೆ ನುಸುಳುವ ಜಾಹೀರಾತು ಕಸ ನಿಲ್ಲುವುದು ಇದರಿಂದ.

ಫೋಟೊ ಇಡುವವರಿಗೆ ಬೇಕಾದದ್ದು ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್‌ನಿಂದ ರಕ್ಷಣೆ) ಅಡಿಯಲ್ಲಿದೆ, ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳಲ್ಲಿ ಗುರುತಿಲ್ಲದ ಪ್ರೋಗ್ರಾಂ ಏನನ್ನೂ ಬರೆಯಲಾರದು, ಬದಲಿಸಲಾರದು. ಡಿ ಡ್ರೈವ್‌ನಲ್ಲಿ ಫೋಟೊ ಇದ್ದರೆ ಆ ಫೋಲ್ಡರನ್ನು ಪ್ರೊಟೆಕ್ಟೆಡ್ ಫೋಲ್ಡರ್ಸ್‌ಗೆ ನೀವೇ ಸೇರಿಸಬೇಕು.

ಡಿಟಿಪಿ_ಅಕ್ಕ

ಮೇಷ್ಟ್ರೇ, ಅದನ್ನ ಆನ್ ಮಾಡಿದ ತಕ್ಷಣ ನುಡಿ ಸಂಪಾದಕದಲ್ಲಿ ಫೈಲ್ ಸೇವ್ ಆಗ್ತಿಲ್ಲ ಅಂತ ಜನ ಗಾಬರಿ ಆಗ್ತಾರೆ. ಹಳೇ ಪೇಜ್‌ಮೇಕರ್‌ಗೂ ಅದೇ ಗತಿ. ಫೈಲ್ ಸಿಗ್ತಿಲ್ಲ, ದಾರಿ ತಪ್ಪು ಅನ್ನೋ ಅರ್ಥದ ಸಂದೇಶ ಬರುತ್ತೆ, ಡಿಫೆಂಡರ್ ತಡೆದಿದ್ದು ಅಂತ ಹೊಳೆಯೋದೇ ಇಲ್ಲ. ಪ್ರೊಟೆಕ್ಷನ್ ಹಿಸ್ಟರಿ ತೆರೆದ್ರೆ ಪ್ರೊಟೆಕ್ಟೆಡ್ ಫೋಲ್ಡರ್ ಆಕ್ಸೆಸ್ ಬ್ಲಾಕ್ಡ್ ಅಂತ ದಾಖಲೆ ಇರುತ್ತೆ. ಅದೇ ಪುಟದ ಅಲೋ ಆನ್ ಆಪ್ ಒತ್ತಿ, ರೀಸೆಂಟ್ಲಿ ಬ್ಲಾಕ್ಡ್ ಆಪ್ಸ್‌ನಿಂದ ನುಡಿಯನ್ನ ಆರಿಸಿ ಸೇರಿಸಿದ್ರೆ ಮುಗೀತು. ದಯವಿಟ್ಟು ಈ ಒಂದು ತಡೆಗೆ ಬೇಸತ್ತು ಇಡೀ ಸ್ವಿಚ್ ಆರಿಸಬೇಡಿ.

ಪೆನ್ ಡ್ರೈವ್ ಬಗ್ಗೆ ಅಂಗಡಿ ಕಡೆಯಿಂದ ನಾಲ್ಕು ಮಾತು. ಕಾಲೇಜು ಸುತ್ತಮುತ್ತಲ ಜೆರಾಕ್ಸ್ ಅಂಗಡಿಯ ಒಂದೇ ಕಂಪ್ಯೂಟರ್‌ಗೆ ದಿನಕ್ಕೆ ಎಷ್ಟೋ ಪೆನ್ ಡ್ರೈವ್ ಬೀಳುತ್ತೆ. ಶಾರ್ಟ್‌ಕಟ್ ವೈರಸ್ ಹರಡೋದು ಹೀಗೆ: ನಿಮ್ಮ ಫೋಲ್ಡರ್‌ಗಳನ್ನ ಅದು ಹಿಡನ್, ಸಿಸ್ಟಮ್ ಅಂತ ಗುರುತು ಹಾಕಿ ಮರೆ ಮಾಡುತ್ತೆ, ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಡುತ್ತೆ. ನೀವು ಅದನ್ನ ಡಬಲ್ ಕ್ಲಿಕ್ ಮಾಡಿದಾಗ ಮೊದಲು ವೈರಸ್ ಓಡುತ್ತೆ, ಆಮೇಲೆ ಫೋಲ್ಡರ್ ತೆರೆಯುತ್ತೆ, ಅನುಮಾನವೇ ಬರಲ್ಲ. ಗುರುತು ಸುಲಭ: ಫೋಲ್ಡರ್ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣ. ವಿಂಡೋಸ್ 7ರಿಂದ ಈಚೆಗೆ ಪೆನ್ ಡ್ರೈವ್ ಚುಚ್ಚಿದ ಮಾತ್ರಕ್ಕೆ ಆಟೋರನ್ ಓಡಲ್ಲ. ಅಂದ್ರೆ ಆ ಡಬಲ್ ಕ್ಲಿಕ್ಕೇ ಬಾಗಿಲು.

ಪ್ರಿಂಟಿಗೆ ಅಂತ್ಲೇ ಬೇರೆ ಒಂದು ಪೆನ್ ಡ್ರೈವ್ ಇಡಿ, 8 ಜಿಬಿ ಸಾಕು. ಅದರಲ್ಲಿ ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು. ಮನೆಗೆ ಬಂದ ಮೇಲೆ ತೆರೆದು ನೋಡಬೇಡಿ. ದಿಸ್ ಪಿಸಿಯಲ್ಲಿ ಅದರ ಮೇಲೆ ಬಲ ಗುಂಡಿ ಒತ್ತಿ ಫಾರ್ಮ್ಯಾಟ್ ಕೊಡಿ. ಮೂಲ ಫೈಲ್ ಮನೆಯಲ್ಲೇ ಇರೋದ್ರಿಂದ ಕಳ್ಕೊಳ್ಳೋದೇನೂ ಇಲ್ಲ. ಅಂಗಡಿಯ ಮೇಲ್ ವಿಳಾಸಕ್ಕೆ ಅಥವಾ ವಾಟ್ಸಾಪ್ ನಂಬರ್‌ಗೆ ಪಿಡಿಎಫ್ ಕಳಿಸಿದ್ರೆ ಪೆನ್ ಡ್ರೈವೇ ಬೇಡ. ಆದರೆ ಅಂಗಡಿ ಕಂಪ್ಯೂಟರ್‌ನಲ್ಲಿ ನಿಮ್ಮ ಸ್ವಂತ ವಾಟ್ಸಾಪ್ ವೆಬ್ ತೆರೀಬೇಡಿ. ತೆರೆದಿದ್ರೆ ಫೋನಿನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಅಲ್ಲಿಂದ ಲಾಗೌಟ್ ಮಾಡಿ.

ನಿಟ್ಟುವಳ್ಳಿ_ಓದುಗ

ಅಕ್ಕಾ, ಪೆನ್ ಡ್ರೈವ್‌ನಲ್ಲಿ ಈಗಾಗಲೇ ಎಲ್ಲಾ ಫೋಲ್ಡರ್ ಶಾರ್ಟ್‌ಕಟ್ ಆಗಿದೆ. ಒಳಗೆ ಮಗಳ ಪ್ರಾಜೆಕ್ಟ್ ರಿಪೋರ್ಟ್ ಇದೆ, ಬೇರೆ ಕಾಪಿ ಇಲ್ಲ. ಫಾರ್ಮ್ಯಾಟ್ ಮಾಡೋ ಹಾಗಿಲ್ಲ.

ಡಿಟಿಪಿ_ಅಕ್ಕ

ಗಾಬರಿ ಬೇಡ, ಫೈಲ್ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಶಾರ್ಟ್‌ಕಟ್ ಯಾವುದನ್ನೂ ಕ್ಲಿಕ್ ಮಾಡಬೇಡಿ.

ನೆಟ್ ಆನ್ ಇಟ್ಟು ಪೆನ್ ಡ್ರೈವ್ ಹಾಕಿ, ಅದರ ಮೇಲೆ ಬಲ ಗುಂಡಿ ಒತ್ತಿ ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಕೊಡಿ. ಇದನ್ನ ಬೇರೆಯಾಗೇ ಮಾಡಬೇಕು, ಡಿಫೆಂಡರ್‌ನ ಮಾಮೂಲಿ ಕ್ವಿಕ್ ಸ್ಕ್ಯಾನ್ ಪೆನ್ ಡ್ರೈವ್ ಒಳಗೆ ಹೋಗಲ್ಲ. ಹಿಡಿದದ್ದನ್ನ ರಿಮೂವ್ ಮಾಡಿ. ನಂತರ ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ ಕಮಾಂಡ್ ಪ್ರಾಂಪ್ಟ್ ತೆಗೀರಿ. ಪೆನ್ ಡ್ರೈವ್ ಇ ಅಕ್ಷರ ತಗೊಂಡಿದ್ರೆ ಇ ಮತ್ತು ಕೋಲನ್ ಹೊಡೆದು ಎಂಟರ್ ಕೊಟ್ಟು ಅದರೊಳಗೆ ಹೋಗಿ. ಅಲ್ಲಿ ಅಟ್ರಿಬ್ (attrib) ಆದೇಶ ಕೊಡಬೇಕು: ಅಟ್ರಿಬ್, ಒಂದು ಖಾಲಿ ಜಾಗ, ಮೈನಸ್ ಎಚ್, ಖಾಲಿ ಜಾಗ, ಮೈನಸ್ ಎಸ್, ಖಾಲಿ ಜಾಗ, ಮೈನಸ್ ಆರ್, ಖಾಲಿ ಜಾಗ, ನಕ್ಷತ್ರ ಚಿಹ್ನೆ, ಖಾಲಿ ಜಾಗ, ಸ್ಲಾಷ್ ಎಸ್, ಖಾಲಿ ಜಾಗ, ಸ್ಲಾಷ್ ಡಿ. ಮೈನಸ್ ಮತ್ತು ಅದರ ಅಕ್ಷರದ ನಡುವೆ ಜಾಗ ಬಿಡಬೇಡಿ. ಸ್ಲಾಷ್ ಅಂದ್ರೆ ಪ್ರಶ್ನಾರ್ಥಕ ಚಿಹ್ನೆ ಇರೋ ಕೀಯಲ್ಲಿರೋದು, ಹಿಂದಕ್ಕೆ ವಾಲಿರೋದಲ್ಲ. ಎಂಟರ್ ಹೊಡೆದು ಸ್ವಲ್ಪ ಕಾಯಿರಿ.

ಮರೆಯಾದ ಫೋಲ್ಡರ್ ಮೇಲೆ ಬರುತ್ತೆ. ಕೆಲವು ಸಲ ವೈರಸ್ ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರ್ ಒಳಗೆ ತಳ್ಳಿರುತ್ತೆ, ಅದರೊಳಗೂ ನೋಡಿ. ಬೇಕಾದ ಡಾಕ್ಯುಮೆಂಟ್ ಮಾತ್ರ ಕಂಪ್ಯೂಟರ್‌ಗೆ ಎಳ್ಕೊಳ್ಳಿ, ಆಮೇಲೆ ಪೆನ್ ಡ್ರೈವ್ ಫಾರ್ಮ್ಯಾಟ್.

ಕೋಟೆ_ಸರ್ವಿಸ್

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ನಲ್ಲಿ ಸ್ವಲ್ಪ ಹೊತ್ತಿಗೇ ಮತ್ತೆ ಶಾರ್ಟ್‌ಕಟ್ ಬಂದ್ರೆ ರೋಗ ಪೆನ್ ಡ್ರೈವ್‌ನಲ್ಲಿಲ್ಲ, ಕಂಪ್ಯೂಟರ್‌ನಲ್ಲೇ ಐತೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್ ಅಂತ ಇದೆಯಾ ನೋಡ್ರಿ, ಮನೆ ಕಂಪ್ಯೂಟರ್‌ನಲ್ಲಿ ಅದಕ್ಕೆ ಅಲ್ಲಿ ಕೆಲಸ ಇಲ್ಲ. ಡಿಸೇಬಲ್ ಮಾಡಿ, ಡಿಫೆಂಡರ್‌ನ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡ್ರಿ. ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳೋಕೆ ಮುಂಚೆ ಸುಮಾರು 15 ನಿಮಿಷ ಹುಡುಕ್ತದೆ. ವೈರಸ್ ಇನ್ನೂ ಎದ್ದಿರಲ್ಲ, ಅದಕ್ಕೇ ಸಿಕ್ಕಿಬೀಳ್ತದೆ. ಯುಪಿಎಸ್ ಬ್ಯಾಟರಿ ಸತ್ತಿದ್ರೆ ಬೆಸ್ಕಾಂ ಕರೆಂಟ್ ಹೋಗೋ ಹೊತ್ತು ನೋಡ್ಕೊಂಡು ಮಾಡ್ರಿ.

ವಿದ್ಯಾನಗರ_ನೆಟ್

ಆಫ್‌ಲೈನ್ ಸ್ಕ್ಯಾನ್ ಆದ ಮೇಲೂ ಅನುಮಾನ ಉಳಿದ್ರೆ ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್ ಫ್ರೀ ಹಾಕಿ ಒಮ್ಮೆ ಓಡಿಸಿ. ಹಾಕುವಾಗ 14 ದಿನದ ಪ್ರೀಮಿಯಂ ಟ್ರಯಲ್ ಶುರುವಾದ್ರೆ ಅಕೌಂಟ್ ಭಾಗದಲ್ಲಿ ಆಫ್ ಮಾಡಿ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇನ್ನೊಂದು, ಆದರೆ ಡೌನ್‌ಲೋಡ್ ಮಾಡಿ 10 ದಿನ ಆದ ಮೇಲೆ ಅದು ನಡೆಯಲ್ಲ, ಪ್ರತಿ ಸಲ ಹೊಸದು ತಗೋಬೇಕು. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಶುದ್ಧೀಕರಣ ಉಪಕರಣಗಳಿವೆ. 2017ರಿಂದ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸ್ತಿದೆ.

ಇವೆಲ್ಲ ಕರೆದಾಗ ಬಂದು ನೋಡಿ ಹೋಗುವಂಥವು. ಆದರೆ ಸದಾ ಕಾಯುವ ಆಂಟಿವೈರಸ್ ಎರಡು ಇರಬಾರದು. ಒಂದು ಫೈಲ್ ತೆರೆದಾಗ ಎರಡೂ ನಡುವೆ ಬಂದು ಹಿಡಿಯುತ್ತವೆ, ಒಂದು ಕ್ವಾರಂಟೈನ್‌ಗೆ (ವೈರಸ್ ಕೂಡಿಡೋ ಜಾಗಕ್ಕೆ) ಹಾಕಿದ್ದನ್ನ ಇನ್ನೊಂದು ವೈರಸ್ ಅನ್ನುತ್ತೆ, ಕಂಪ್ಯೂಟರ್ ನಡುವೆ ನಿಂತುಹೋಗುತ್ತೆ.

ಚಳ್ಳಕೆರೆ_ಟ್ಯಾಲಿ

ಡಿಫೆಂಡರ್ ಸಾಕು ಅನ್ನೋದನ್ನ ಒಪ್ತೀನಿ, ಆದರೆ ಪೇಯ್ಡ್ ಬೇಡವೇ ಬೇಡ ಅನ್ನೋದನ್ನ ಒಪ್ಪಲ್ಲ. ಮನೇಲಿ ವಯಸ್ಸಾದವರು ಮಾತ್ರ ಇದ್ದು, ಮೇಲಿನ ಸ್ವಿಚ್‌ಗಳನ್ನೆಲ್ಲ ನೋಡಿಕೊಳ್ಳೋರು ಯಾರೂ ಇಲ್ಲದಿದ್ರೆ, ಫೋನ್ ಮಾಡಿದ್ರೆ ಉತ್ತರ ಕೊಡೋ ಒಂದು ಕಂಪನಿ ಇರೋದು ಬೆಲೆ ಬಾಳುತ್ತೆ. ಮಕ್ಕಳು ಯಾವ ತಾಣ ನೋಡಬೇಕು, ಎಷ್ಟು ಹೊತ್ತು ಅನ್ನೋ ಹಿಡಿತ ಒಂದೇ ಕಡೆ ಬೇಕು ಅನ್ನೋರಿಗೂ ಅದು ಅನುಕೂಲ. ಕ್ವಿಕ್ ಹೀಲ್ ಪುಣೆಯದು, ಕೆ7 ಚೆನ್ನೈನದು, ಎರಡೂ ನಮ್ಮ ದೇಶದವು.

ಹಾಕಿಸೋದಾದ್ರೆ ಕೆಲವು ಎಚ್ಚರ. ಟೋಟಲ್, ಪ್ರೀಮಿಯಂ ಅನ್ನೋ ದೊಡ್ಡ ಡಬ್ಬದಲ್ಲಿ ಹೆಚ್ಚಾಗಿ ಸಿಗೋದು ಟ್ಯೂನಪ್, ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್ ಇಂಥವು. ವೈರಸ್ ಹಿಡಿಯೋ ಎಂಜಿನ್ ಸಾಮಾನ್ಯವಾಗಿ ಅದೇ ಕಂಪನಿಯ ಸಣ್ಣ ಡಬ್ಬದಲ್ಲೂ ಒಂದೇ. ಒಂದು ವರ್ಷದ್ದು ತಗೊಂಡು ಯಂತ್ರ ಎಳೆಯುತ್ತಾ ನೋಡಿ, ಆಮೇಲೆ ಮೂರು ವರ್ಷ. ಕೀ ಕೆರೆದಿಲ್ಲದ ಡಬ್ಬ ನಿಮ್ಮ ಮುಂದೆಯೇ ಒಡೀಲಿ, ನಿಮ್ಮ ಮೇಲ್ ವಿಳಾಸಕ್ಕೇ ನೋಂದಣಿ ಆಗಲಿ, ಅಂಗಡಿಯವರದಕ್ಕೆ ಅಲ್ಲ.

ಆನ್‌ಲೈನ್‌ನಲ್ಲಿ ಕಾರ್ಡ್ ಹಾಕಿ ತಗೊಂಡ್ರೆ ಆಟೋ ರಿನ್ಯೂವಲ್ ಅದೇ ದಿನ ಆಫ್ ಮಾಡಿ. ಮೊದಲ ವರ್ಷದ ರಿಯಾಯಿತಿ ಎರಡನೇ ವರ್ಷ ಇರಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೀಗೆ ತಾನಾಗೇ ಮತ್ತೆ ಕಡಿತವಾಗೋ ಪಾವತಿಗೆ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರಬೇಕು, ಆದರೆ 15,000 ರೂಪಾಯಿವರೆಗೆ ಒಟಿಪಿ ಕೇಳದೇ ಹೋಗಬಹುದು. ಆ ಸಂದೇಶ ಓದಿ.

ಜಿಎಸ್‌ಟಿ, ಟೆಂಡರ್ ಕೆಲಸಕ್ಕೆ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರೋ ಯುಎಸ್‌ಬಿ) ಬಳಸೋರು ಗಮನಿಸಿ: ಪೇಯ್ಡ್ ಆಂಟಿವೈರಸ್‌ಗಳ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ (ಸುರಕ್ಷಿತ ತಾಣಗಳ ಸಂಪರ್ಕವನ್ನೂ ಬಿಚ್ಚಿ ನೋಡೋದು) ಬ್ರೌಸರ್ ಮಧ್ಯೆ ತನ್ನದೇ ಸರ್ಟಿಫಿಕೇಟ್ ಇಡುತ್ತೆ. ಆಗ ಸಹಿ ಹಾಕೋ ತಂತ್ರಾಂಶದ ಜೊತೆ ಸಂಪರ್ಕ ತಪ್ಪಬಹುದು. ಪೂರ್ತಿ ಆಂಟಿವೈರಸ್ ಆರಿಸದೆ ಆ ಒಂದು ಆಯ್ಕೆ ಮಾತ್ರ ಆಫ್ ಮಾಡಿ ನೋಡಿ.

ಶಾಮನೂರು_ರೋಡ್

ಕ್ಯಾಸ್ಪರ್‌ಸ್ಕಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಬ್ಯಾನ್ ಆಗಿದೆ ಅಂತಾರಲ್ಲ?

ದುರ್ಗದ_ಮೇಷ್ಟ್ರು

ನಿಷೇಧ ಅಮೆರಿಕದಲ್ಲಿ. 2024ರ ಜೂನ್‌ನಲ್ಲಿ ಆದೇಶವಾಯಿತು, ಸೆಪ್ಟೆಂಬರ್ 29ರಿಂದ ಅಲ್ಲಿ ಅಪ್‌ಡೇಟ್ ಕೂಡ ನಿಂತಿತು. ಕಾರಣ ಕಂಪನಿ ರಷ್ಯಾದ್ದು ಎಂಬ ರಾಷ್ಟ್ರೀಯ ಭದ್ರತೆಯ ಆತಂಕ, ವೈರಸ್ ಹಿಡಿಯುವುದರಲ್ಲಿ ಹಿಂದೆ ಎಂದಲ್ಲ. ಪ್ರಯೋಗಾಲಯಗಳಲ್ಲಿ ಅದರ ಅಂಕ ಯಾವಾಗಲೂ ಮೇಲೆಯೇ ಇದೆ. ಇನ್ನು ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ ಇವೆಲ್ಲ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಅಂಗಸಂಸ್ಥೆಯೊಂದರ ಮೂಲಕ ಮಾರಿದ್ದಕ್ಕೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2024ರಲ್ಲಿ 165 ಲಕ್ಷ ಡಾಲರ್ ಕಟ್ಟಿಸಿತು. ಉಚಿತ ಆಂಟಿವೈರಸ್ ಹಾಕುವಾಗ ಡೇಟಾ ಹಂಚಿಕೆಯ ಟಿಕ್‌ಗಳನ್ನು ಓದಿ ತೆಗೆಯಿರಿ ಎಂದು ಒತ್ತಿ ಹೇಳುವುದು ಇದಕ್ಕೇ.

ವಿದ್ಯಾನಗರ_ನೆಟ್

ಓದುಗರೇ, ಮನೆಯಲ್ಲಿ ಎಲ್ಲರಿಗೂ ಇದನ್ನ ಹೇಳಿಕೊಡಿ, ಯಾಕಂದ್ರೆ ಇಲ್ಲಿ ಆಂಟಿವೈರಸ್ ಕೈ ಸೋಲುತ್ತೆ. ಪರದೆಯ ಬಲ ಮೂಲೆಯಲ್ಲಿ ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಇವೆ ಅಂತ ಪದೇ ಪದೇ ಬರೋದು ಬಹಳ ಸಲ ವೈರಸ್ಸೇ ಅಲ್ಲ. ಯಾವುದೋ ತಾಣಕ್ಕೆ ನೋಟಿಫಿಕೇಶನ್ ಅಲೋ ಕೊಟ್ಟಿರ್ತೀರಿ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಅಲ್ಲಿ ಗೊತ್ತಿಲ್ಲದ ತಾಣಗಳನ್ನ ರಿಮೂವ್ ಮಾಡಿದ್ರೆ ನಿಂತುಹೋಗುತ್ತೆ. ಅದರಲ್ಲಿ ಬರೋ ರಿನ್ಯೂ ಬಟನ್ ಮಾತ್ರ ಮುಟ್ಟಬೇಡಿ.

ನಾನು ರೋಬೋಟ್ ಅಲ್ಲ ಅಂತ ತೋರಿಸೋಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೀರಿ ಅಂತ ಯಾವ ತಾಣ ಹೇಳಿದ್ರೂ ಆ ಕ್ಷಣವೇ ಮುಚ್ಚಿ. ಅಷ್ಟರಲ್ಲೇ ಆ ಪುಟ ಒಂದು ಆದೇಶವನ್ನ ನಿಮ್ಮ ಕ್ಲಿಪ್‌ಬೋರ್ಡ್‌ಗೆ (ಕಾಪಿ ಮಾಡಿದ್ದು ಕೂರೋ ಜಾಗ) ಸೇರಿಸಿರುತ್ತೆ, ನಿಮ್ಮ ಕೈಯಿಂದಲೇ ಅದನ್ನ ಓಡಿಸ್ತದೆ. ಬರೋದು ಹೆಚ್ಚಾಗಿ ಬ್ರೌಸರ್‌ನ ಪಾಸ್‌ವರ್ಡ್, ಕುಕೀ (ನೀವು ಲಾಗಿನ್ ಆಗಿರೋ ಗುರುತು) ಕದಿಯೋ ತಂತ್ರಾಂಶ. ಒತ್ತಿಬಿಟ್ಟಿದ್ರೆ ನೆಟ್ ಕಿತ್ತು, ಬೇರೆ ಫೋನ್‌ನಿಂದ ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಕೊಡಿ. ಕುಕೀ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಹಣ ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟೋಕೆ ಮುಂಚೆ ತಡೆಹಿಡಿಯೋಕೆ ಅದು ದೊಡ್ಡ ಆಸರೆ.

ಕೋಟೆ_ಸರ್ವಿಸ್

ಮಗಳಿಗೆ ಸ್ಟ್ಯಾಂಡರ್ಡ್ ಖಾತೆ ಬೇರೆ ಮಾಡಿಕೊಡ್ರಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ನಿಮ್ಮ ಹತ್ರ ಇರಲಿ. ಹೊಸ ಸಾಫ್ಟ್‌ವೇರ್ ಇಡೀ ಕಂಪ್ಯೂಟರ್‌ಗೆ ಕೂರಬೇಕಾದ್ರೆ ಆಗ ನಿಮ್ಮನ್ನ ಕೇಳ್ತದೆ. ಎಕ್ಸ್‌ಪ್ಲೋರರ್‌ನ ವ್ಯೂ ಅಡಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಹಾಕ್ರಿ, ಪಿಡಿಎಫ್ ಚಿತ್ರ ಹಾಕ್ಕೊಂಡು ಬಂದ ಇಎಕ್ಸ್‌ಇ ಫೈಲ್ ಆಗ ಬಯಲಾಗ್ತದೆ.

ಫೋಟೊಗಳಿಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಇಡ್ರಿ. ತಿಂಗಳಿಗೊಮ್ಮೆ ಚುಚ್ಚಿ, ಕಾಪಿ ಮಾಡಿ, ಕಿತ್ತು ಬೀರುವಿನಲ್ಲಿ ಇಡ್ರಿ. ಚುಚ್ಚಿಯೇ ಬಿಟ್ರೆ ರ‍್ಯಾನ್ಸಮ್‌ವೇರ್ ಅದನ್ನೂ ಬೀಗ ಹಾಕ್ತದೆ. ಕ್ರ್ಯಾಕ್ ಜೊತೆ ಬರೋ ಸ್ಟಾಪ್ ಡಿಜೆವು ಅನ್ನೋ ಜಾತಿ ಮನೆ ಕಂಪ್ಯೂಟರ್‌ಗಳನ್ನೇ ಹೆಚ್ಚು ಕೆಡಿಸಿರೋದು. ಅದರ ಹೊಸ ತಳಿಗಳಲ್ಲಿ ಆನ್‌ಲೈನ್ ಕೀ (ಕಳ್ಳರ ಸರ್ವರ್‌ನಿಂದ ಬಂದ ಬೀಗದ ಕೀ) ಬಿದ್ದ ಫೈಲ್‌ಗಳನ್ನ ಬಿಡಿಸಿಕೊಡೋ ಉಚಿತ ದಾರಿ ಇಲ್ಲ. ಬ್ಯಾಕಪ್ ಇಲ್ಲದೋರಿಗೆ ಹೇಳೋಕೆ ಏನೂ ಉಳಿಯಲ್ಲ, ಅದು ಬಹಳ ನೋವಿನ ಮಾತು.

ನಿಟ್ಟುವಳ್ಳಿ_ಓದುಗ

ಅಟ್ರಿಬ್‌ನಿಂದ ಪ್ರಾಜೆಕ್ಟ್ ಸಿಕ್ಕಿತು, ಅಕ್ಕನಿಗೆ ದೊಡ್ಡ ನಮಸ್ಕಾರ. ಡಿಫೆಂಡರ್ ಮತ್ತು ಎಸ್‌ಎಸ್‌ಡಿ ದಾರಿ ಹಿಡೀತೀನಿ. ಎಸ್‌ಎಸ್‌ಡಿ ಬರೋವರೆಗೆ ಅವಧಿ ಮುಗಿದ ಹಳೇ ಆಂಟಿವೈರಸ್ ಹೇಗೆ ತೆಗೀಲಿ? ತೆಗೆದ ಮೇಲೆ ಡಿಫೆಂಡರ್ ನಿಜವಾಗಿ ಕೆಲಸ ಮಾಡ್ತಿದೆ ಅಂತ ಹೇಗೆ ತಿಳಿಯೋದು?

ವಿದ್ಯಾನಗರ_ನೆಟ್

ಮೊದಲು ಆ ಕಂಪನಿಯ ಅಧಿಕೃತ ತಾಣದಿಂದ ಅದರ ರಿಮೂವಲ್ ಟೂಲ್ ಇಳಿಸಿಕೊಳ್ಳಿ. ನಂತರ ಸೆಟ್ಟಿಂಗ್ಸ್, ಆಪ್ಸ್‌ನಿಂದ ಮಾಮೂಲಿ ರೀತಿಯಲ್ಲಿ ಅನ್‌ಇನ್‌ಸ್ಟಾಲ್, ರೀಸ್ಟಾರ್ಟ್, ಆಮೇಲೆ ಟೂಲ್ ಓಡಿಸಿ ಮತ್ತೊಮ್ಮೆ ರೀಸ್ಟಾರ್ಟ್. ಟೂಲ್ ಯಾಕೆ ಅಂದ್ರೆ ಹಳೆಯದರ ಡ್ರೈವರ್ ತುಣುಕು ಉಳಿದ್ರೆ ಇನ್ನೂ ಒಂದು ಆಂಟಿವೈರಸ್ ಇದೆ ಅಂತ ತಿಳ್ಕೊಂಡು ಡಿಫೆಂಡರ್ ಏಳೋದೇ ಇಲ್ಲ. ದಿಸ್ ಸೆಟ್ಟಿಂಗ್ ಈಸ್ ಮ್ಯಾನೇಜ್ಡ್ ಬೈ ಯುವರ್ ಅಡ್ಮಿನಿಸ್ಟ್ರೇಟರ್ ಅಂತ ಬಂದು ಸ್ವಿಚ್ ಬೂದು ಬಣ್ಣ ಆಗಿದ್ರೆ ರಿಜಿಸ್ಟ್ರಿಯ ಪಾಲಿಸೀಸ್ ಭಾಗದಲ್ಲಿ ಯಾರೋ ಆರಿಸಿದಾರೆ ಅಂತ. ಆಗ ಸರಿಪಡಿಸೋಕೆ ಹೋಗದೆ ಎಸ್‌ಎಸ್‌ಡಿ ಬಂದಾಗ ಹೊಸ ವಿಂಡೋಸ್ ಹಾಕೋದೇ ಮೇಲು.

ಪರೀಕ್ಷೆಗೆ ಐಕಾರ್ (EICAR) ಸಂಸ್ಥೆಯ ತಾಣದಲ್ಲಿ ಟೆಸ್ಟ್ ಫೈಲ್ ಇದೆ. ಅದರಲ್ಲಿರೋದು ಬರೀ 68 ಅಕ್ಷರ, ಏನೂ ಹಾನಿ ಮಾಡಲ್ಲ. ಎಲ್ಲ ಆಂಟಿವೈರಸ್‌ಗಳೂ ಅದನ್ನ ವೈರಸ್ ಅಂತ ಹಿಡೀಬೇಕು ಅನ್ನೋದು ಒಪ್ಪಂದ. ಇಳಿಸೋಕೆ ಹೋದ ತಕ್ಷಣ ಡಿಫೆಂಡರ್ ತಡೆದು, ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಐಕಾರ್ ಹೆಸರು ಕಂಡ್ರೆ ಕಾವಲು ನಡೀತಿದೆ. ತಡೀದೇ ಫೈಲ್ ಡೌನ್‌ಲೋಡ್ಸ್‌ನಲ್ಲಿ ಹಾಗೇ ಕೂತಿದ್ರೆ ಪೆನ್ ಡ್ರೈವ್ ಯಾವುದನ್ನೂ ಹಾಕಬೇಡಿ, ವಿಂಡೋಸ್ ಸೆಕ್ಯುರಿಟಿ ಪುಟದ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ.